ಮಲ್ಲಿಗೆಯ ಸೀಮೆಯಲ್ಲಿ ಉಣ್ಣೆಯ ಗುಲಾಬಿ

ರತ್ನಗಂಬಳಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮಗ್ಗ. ಆದರೆ ಮಗ್ಗದ ಹಂಗಿಲ್ಲದೆ, ಬಲೆಯಂತಹ ಗಟ್ಟಿ ಬಟ್ಟೆಯ ಒಂದೊಂದು ಕಣ್ಣಿನಲ್ಲಿಯೂ ಸೂಜಿಯಿಂದ ಉಣ್ಣೆಯೆಳೆಯನ್ನು ಏರಿಸಿ ಇಳಿಸಿ ತುಂಬುವ ಹೂವಿನ ನೆಲಹಾಸು ಒಂದುಂಟು. ಅಂಗುಲಕ್ಕೆ ಹತ್ತು ಕಣ್ಣಿನ ಬಟ್ಟೆಯಾದರೆ ಚದರ ಅಂಗುಲಕ್ಕೆ ನೂರು ಹೊಲಿಗೆ. ಮೂರಡಿ ಅಗಲ, ಐದಡಿ ಉದ್ದದ ಒಂದೇ ಒಂದು ನೆಲಹಾಸಿಗೆ 2,16,000 ಹೊಲಿಗೆ. ಲೆಕ್ಕ ಹಾಕಿದಾಗ ನನಗೇ ದಿಗಿಲಾಯಿತು.

ಯೂರೋಪಿನಲ್ಲಿ ಇದು ಹಳೆಯ ಕಲೆ. ಪೋರ್ಚುಗಲ್ಲಿನ ಅರಾಯೋಲುಶ್ ಎಂಬ ಪುಟ್ಟ ಪಟ್ಟಣವು ಪರ್ಷಿಯದ ಗಂಬಳಿಗಳ ಛಾಯೆಯುಳ್ಳ ಸೂಜಿಹಾಸುಗಳಿಂದಲೇ ಪ್ರಸಿದ್ಧವಾಯಿತು. ಆದರೆ ಈ ಕೆಲಸ ಮನೆಮನೆಯನ್ನು ಹೊಕ್ಕದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಬರ್ಲಿನ್ನಿನ ಮುದ್ರಕರು ಚೌಕುಳಿ ಕಾಗದದ ಮೇಲೆ ಬಣ್ಣ ಹಚ್ಚಿದ ನಕ್ಷೆಗಳನ್ನು ಮಾರತೊಡಗಿದ ಮೇಲೆ. ಒಂದು ಚೌಕಕ್ಕೆ ಒಂದು ಹೊಲಿಗೆ. ಚಿತ್ರ ಬರೆಯಲು ಬಾರದವರೂ ಗುಲಾಬಿಯನ್ನು ಅರಳಿಸಬಹುದಾಯಿತು. 1856ರಲ್ಲಿ ಪರ್ಕಿನ್ ಎಂಬ ತರುಣ ರಸಾಯನ ವಿದ್ಯಾರ್ಥಿ ಲಂಡನ್ನಿನಲ್ಲಿ ಕೃತಕ ನೇರಳೆ ಬಣ್ಣವನ್ನು ಕಂಡುಹಿಡಿದ ತರುವಾಯ ಉಣ್ಣೆಗೆ ಕಣ್ಣು ಕೋರೈಸುವ ರಂಗುಗಳೂ ದೊರೆತವು.

ನಮ್ಮ ಕರಾವಳಿಗೆ ಇದು ಬಂದ ದಾರಿ ಶಾಲೆಯದೇ ಇರಬೇಕು. 1834ರಲ್ಲಿ ಬಾಸೆಲ್ ಮಿಶನ್ನಿನವರೂ 1870ರಲ್ಲಿ ಫ್ರಾನ್ಸಿನಿಂದ ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಸಂನ್ಯಾಸಿನಿಯರೂ ಮಂಗಳೂರಿಗೆ ಬಂದರು. ಹೆಣ್ಣುಮಕ್ಕಳ ಕೈಗೆ ಸ್ಲೇಟಿನ ಜೊತೆಗೆ ಸೂಜಿಯೂ ಬಂತು. ಎಳೆ ಎಣಿಸುವುದು ಮಾತ್ರ ಕನ್ನಡನಾಡಿಗೆ ಹೊಸತಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಣಿಕೆಯ ಬಲದಿಂದಲೇ ತೇರು, ಆನೆ, ಗೋಪುರ ಮೂಡುತ್ತವೆ. ಅದರ ಮೆಂಥಿ ಹೊಲಿಗೆಯು ಬರ್ಲಿನ್ನಿನ ಅಡ್ಡಹೊಲಿಗೆಗೆ ಒಡಹುಟ್ಟಿದಂತಿದೆ. ಆದರೆ ಅಲ್ಲಿ ನಕ್ಷೆ ಇದ್ದುದು ತಾಯಿಯ ನೆನಪಿನಲ್ಲಿ. ಇಲ್ಲಿ, ಕೊಂಡುತಂದ ಕಾಗದದಲ್ಲಿ.

ಉಡುಪಿ ಜಿಲ್ಲೆಯ ಶಿರ್ವದ ಹಳೆಯ ಮನೆಗಳಲ್ಲಿ ನಾನು ಕಂಡ ಉಣ್ಣೆಯ ಹೂಗಳು ನೆಲದ ಮೇಲಿರಲಿಲ್ಲ; ಗಾಜಿನ ಚೌಕಟ್ಟನ್ನು ಹೊಕ್ಕು ಗೋಡೆಯನ್ನೇರಿದ್ದವು. ನಾಲ್ಕು ತಿಂಗಳು ಮಳೆ ಹೊಯ್ಯುವ, ನೆಲವೇ ಬೆವರುವ ಈ ಸೀಮೆಯಲ್ಲಿ ಉಣ್ಣೆಯ ಹಾಸು ಬೂಷ್ಟಿಗೂ ನುಸಿಗೂ ಆಹಾರ. ಕೂರಲು ಓಲೆಯ ಚಾಪೆಯೇ ಲೇಸು. ಗೋಡೆಯ ಮೇಲಿನ ಹೂಗಳಾದರೂ ಯಾವುವು? ದಳದ ಮೇಲೆ ದಳವೇರಿದ ಯೂರೋಪಿನ ಗುಲಾಬಿಗಳು. ಮಗ್ಗುಲಲ್ಲೇ ಶಂಕರಪುರ! ಆ ಮಲ್ಲಿಗೆ ಶಿರ್ವದ ಹಿತ್ತಿಲುಗಳಲ್ಲಿಯೂ ಬೆಳೆಯುತ್ತದೆ; ಹೆಂಗಸರು ಮೊಗ್ಗುಗಳನ್ನು ಎಣಿಸಿ, ಬಾಳೆಯ ನಾರಿನಲ್ಲಿ ಕಟ್ಟಿ, ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ಎಣಿಸುವ ಬೆರಳುಗಳು ಅವೇ. ಆದರೂ ನಾನು ಕಂಡ ಯಾವ ಚೌಕಟ್ಟಿನಲ್ಲಿಯೂ ಮಲ್ಲಿಗೆಯಿಲ್ಲ. ಬಿಳಿಯ ಪುಟ್ಟ ಮೊಗ್ಗಿಗೆ ನೆರಳುಬೆಳಕಿನ ಏಳೆಂಟು ಬಣ್ಣಗಳು ಬೇಕಿಲ್ಲ ಎಂಬುದು ಒಂದು ಕಾರಣ. ಬರ್ಲಿನ್ನಿನ ಕಾಗದದಲ್ಲಿ ಅದು ಇರಲಿಲ್ಲವೆಂಬುದು ದೊಡ್ಡ ಕಾರಣ.

ಉಳಿದ ಉಣ್ಣೆಯ ತುಂಡುಗಳಿಂದ ಗೋಣಿತಾಟಿನ ಮೇಲೆ ಹೊಲಿದ ಕಾಲೊರಸುಗಳ ವಿಚಾರ ಬೇರೆ. ಅದಕ್ಕೆ ನಕ್ಷೆಯನ್ನು ಯಾರು ಕೊಂಡಾರು? ಹೊಸಿಲ ರಂಗೋಲಿಯ ಎಂಟು ದಳವನ್ನೋ, ಬೇಲಿಯ ದಾಸವಾಳವನ್ನೋ ಮನಬಂದಂತೆ ಹೊಲಿಯುತ್ತಿದ್ದರು. ಗುಲಾಬಿಗಳನ್ನು ಗಾಜು ಕಾಯಿತು. ಇವು ಹಿತ್ತಿಲ ಬಾಗಿಲಲ್ಲಿ ಕೆಸರುಗಾಲುಗಳ ಕೆಳಗೆ ಎರಡು ಮಳೆಗಾಲ ಬಾಳಿ, ತೆಂಗಿನ ಬುಡಕ್ಕೆ ಗೊಬ್ಬರವಾದವು.