ಸುರಬಾಯಾದಲ್ಲಿ ಭಾರತದ ಸಿಪಾಯಿ

ಇಂಡೊನೇಷ್ಯಾದಲ್ಲಿ ನವೆಂಬರ್ 10 ‘ವೀರರ ದಿನ’. 1945ರ ಆ ದಿನ ಬೆಳಿಗ್ಗೆ ಜಾವಾ ದ್ವೀಪದ ಬಂದರು ನಗರ ಸುರಬಾಯಾದ ಮೇಲೆ ಬ್ರಿಟಿಷ್ ಸೇನೆ ಮುಗಿಬಿದ್ದಿತು. ಬ್ರಿಟಿಷ್ ಸೇನೆ ಎಂಬುದು ಹೆಸರಿಗಷ್ಟೆ. ಬಂದೂಕು ಹಿಡಿದಿದ್ದವರಲ್ಲಿ ಬಹುಪಾಲು ಭಾರತೀಯರು. ಇನ್ನೂ ಸ್ವತಂತ್ರವಾಗದ ನಾಡಿನ ಸಿಪಾಯಿಗಳು ಮತ್ತೊಂದು ನಾಡಿನ ಸ್ವಾತಂತ್ರ್ಯದ ಹೋರಾಟಗಾರರಿಗೆ ಎದುರಾಗಿ ನಿಲ್ಲಬೇಕಾದದ್ದು ಹೇಗೆ?

ಡಚ್ಚರ ವಸಾಹತಾಗಿದ್ದ ಇಂಡೊನೇಷ್ಯಾವನ್ನು ಜಪಾನ್ 1942ರಲ್ಲಿ ವಶಪಡಿಸಿಕೊಂಡಿತ್ತು. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾದ ಎರಡೇ ದಿನಕ್ಕೆ, ಅಂದರೆ 17ರಂದು, ಸುಕಾರ್ನೊ ಮತ್ತು ಹಟ್ಟಾ ಸ್ವಾತಂತ್ರ್ಯ ಘೋಷಿಸಿದರು. ಮರಳಿ ಬಂದು ಆಳುವಷ್ಟು ಸೈನ್ಯ ಡಚ್ಚರ ಬಳಿ ಇರಲಿಲ್ಲ. ಜಪಾನೀಯರ ಆಯುಧ ಕಸಿಯುವ, ಯುದ್ಧಕೈದಿಗಳನ್ನು ಬಿಡಿಸುವ ಕೆಲಸ ಬ್ರಿಟಿಷರ ಪಾಲಿಗೆ ಬಂತು. ಬ್ರಿಟಿಷರ ಬೆನ್ನಿಗೇ ಡಚ್ಚರೂ ಬರುತ್ತಾರೆಂಬುದು ಇಂಡೊನೇಷ್ಯನ್ನರ ಗುಮಾನಿ. ಅದು ಸುಳ್ಳಾಗಲೂ ಇಲ್ಲ.

ಅಕ್ಟೋಬರ್ 25ರಂದು ಬ್ರಿಗೇಡಿಯರ್ ಮ್ಯಾಲಬಿ ನೇತೃತ್ವದಲ್ಲಿ 49ನೇ ಭಾರತೀಯ ಬ್ರಿಗೇಡ್ ಸುರಬಾಯಾದಲ್ಲಿ ಇಳಿಯಿತು. ಅದರ ಮೂರು ಪಟಾಲಂಗಳಲ್ಲಿ ಎರಡು ಮರಾಠಾ ಲೈಟ್ ಇನ್‌ಫೆಂಟ್ರಿಯವು. ಈ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಮರುದಿನವೇ ಮ್ಯಾಲಬಿ ಸ್ಥಳೀಯ ಮುಖಂಡರೊಡನೆ ಒಪ್ಪಂದಕ್ಕೆ ಬಂದರು. ಇಂಡೊನೇಷ್ಯನ್ನರ ಆಯುಧ ಅವರ ಬಳಿಯೇ ಇರಲಿ, ಜಪಾನೀಯರದ್ದನ್ನು ಮಾತ್ರ ಕಸಿಯುವುದು ಎಂಬುದು ಅದರ ತಿರುಳು.

ಆ ಮಾತು ಉಳಿದಿದ್ದರೆ ನಗರವೂ ಉಳಿಯುತ್ತಿತ್ತೇನೋ. ಆದರೆ 27ರಂದು ಜಕಾರ್ತಾದಿಂದ ಬಂದ ವಿಮಾನವೊಂದು ಕರಪತ್ರಗಳನ್ನು ಉದುರಿಸಿತು. 48 ಗಂಟೆಗಳೊಳಗೆ ಆಯುಧ ಒಪ್ಪಿಸಿ, ಇಲ್ಲವಾದರೆ ಗುಂಡಿಕ್ಕಲಾಗುವುದು ಎಂಬ ಮೇಜರ್ ಜನರಲ್ ಹಾಥಾರ್ನ್ ಅವರ ಫರ್ಮಾನು ಅದು. ಮ್ಯಾಲಬಿಯ ಒಪ್ಪಂದಕ್ಕೆ ಇದು ತೀರಾ ವಿರುದ್ಧ. ಆದರೂ ಮೇಲಿನ ಆಜ್ಞೆ ಪಾಲಿಸದೆ ಗತ್ಯಂತರವಿಲ್ಲ ಎಂದು ಅವರು ತೀರ್ಮಾನಿಸಿದರು. ದೂರದ ಕಚೇರಿಯಲ್ಲಿ ಕುಳಿತವರು ಬರೆದ ಕಾಗದಕ್ಕೆ ಬೆಲೆ ತೆತ್ತವರು ಬೀದಿಯಲ್ಲಿ ನಿಂತ ಸಿಪಾಯಿಗಳು.

28ರಂದು ನಗರ ಸಿಡಿಯಿತು. ಬ್ರಿಟಿಷರು ‘ಉಗ್ರಗಾಮಿಗಳು’ ಎಂದು ಕರೆದ ಯುವಕರಲ್ಲಿ ಹಲವರ ಕೈಯಲ್ಲಿ ಜಪಾನಿ ಬಂದೂಕುಗಳಿದ್ದವು. ಉಳಿದವರು ಬಿದಿರಿನ ಈಟಿ ಹಿಡಿದೇ ಬಂದರು. ‘ಬುಂಗ್ ತೊಮೊ’ ಎಂದೇ ಹೆಸರಾದ ಯುವಕ ಸುತೊಮೊ ರೇಡಿಯೊದಲ್ಲಿ ಜನರನ್ನು ಹುರಿದುಂಬಿಸುತ್ತಿದ್ದರು. ಸುಮಾರು 4 ಸಾವಿರ ಸಂಖ್ಯೆಯ ಬ್ರಿಗೇಡ್ ಸಣ್ಣ ಸಣ್ಣ ತುಕಡಿಗಳಾಗಿ ಊರಿನ ಕಟ್ಟಡಗಳಲ್ಲಿ ಚದುರಿಹೋಗಿತ್ತು. ಒಬ್ಬರ ನೆರವಿಗೆ ಇನ್ನೊಬ್ಬರು ಹೋಗುವಂತಿರಲಿಲ್ಲ. ಮದ್ದುಗುಂಡು ಮುಗಿಯುತ್ತ ಬಂದ ಹಾಗೆ ಒಂದೊಂದೇ ಠಾಣೆ ಬಿದ್ದಿತು. ಕೊನೆಗೆ ಬ್ರಿಟಿಷರು ಸುಕಾರ್ನೊ ಅವರನ್ನೇ ವಿಮಾನದಲ್ಲಿ ಕರೆತಂದು ಕದನವಿರಾಮ ಮಾಡಿಸಿದರು.

30ರ ಸಂಜೆ ‘ಕೆಂಪು ಸೇತುವೆ’ಯ ಬಳಿ, ಮರಾಠಾ ಸಿಪಾಯಿಗಳಿದ್ದ ಇಂಟರ್‌ನ್ಯಾಶಿಯೊ ಕಟ್ಟಡವನ್ನು ಜನ ಸುತ್ತುವರಿದಿದ್ದರು. ಅವರನ್ನು ಸಮಾಧಾನಪಡಿಸಲು ಹೋದ ಮ್ಯಾಲಬಿ ತಮ್ಮ ಕಾರಿನಲ್ಲೇ ಗುಂಡಿಗೆ ಬಲಿಯಾದರು. ಮೊದಲ ಗುಂಡು ಹಾರಿಸಿದವರು ಯಾರು ಎಂಬ ವಾದ ಇಂದಿಗೂ ಮುಗಿದಿಲ್ಲ.

ಬ್ರಿಟಿಷರು 5ನೇ ಭಾರತೀಯ ಡಿವಿಜನ್ನನ್ನು ಇಳಿಸಿದರು. ಕೈ ಮೇಲೆತ್ತಿ ಆಯುಧ ಒಪ್ಪಿಸಿ ಎಂಬ ಮೇಜರ್ ಜನರಲ್ ಮ್ಯಾನ್ಸರ್ ಅವರ ಅಂತಿಮ ಎಚ್ಚರಿಕೆಯನ್ನು ಗವರ್ನರ್ ಸುರ್ಯೊ 9ರ ರಾತ್ರಿ ರೇಡಿಯೊದಲ್ಲೇ ತಿರಸ್ಕರಿಸಿದರು. ಮರುದಿನ ಹಡಗುಗಳ ಫಿರಂಗಿ, ವಿಮಾನಗಳ ಬಾಂಬು, ಟ್ಯಾಂಕು ಎಲ್ಲವೂ ಬಂದವು. ನಗರವನ್ನು ಬೀದಿ ಬೀದಿಯಾಗಿ ಹಿಡಿಯಲು ಸುಮಾರು ಮೂರು ವಾರ ಬೇಕಾಯಿತು. ಸತ್ತ ಇಂಡೊನೇಷ್ಯನ್ನರು ಕನಿಷ್ಠ 6 ಸಾವಿರ ಎಂಬುದು ಒಂದು ಅಂದಾಜು. ಊರು ಬಿಟ್ಟು ಹೋದವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ವಿಚಿತ್ರವೆಂದರೆ ಅದೇ ನವೆಂಬರ್ 5ರಂದು ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ಆರಂಭವಾಗಿ, ದೇಶವೆಲ್ಲ ಕುದಿಯುತ್ತಿತ್ತು. ಭಾರತದ ಸೈನಿಕರನ್ನು ಇಂಡೊನೇಷ್ಯನ್ನರ ವಿರುದ್ಧ ಬಳಸಬಾರದೆಂದು ನೆಹರೂ ಪ್ರತಿಭಟಿಸಿದರು. ಸಿಪಾಯಿಗಳಲ್ಲೂ ಕೆಲವರು ಪಾಳೆಯ ಬಿಟ್ಟು ಎದುರು ಪಕ್ಷ ಸೇರಿದರು. ಇಂಥವರು ಸುಮಾರು 600 ಮಂದಿ ಎನ್ನಲಾಗುತ್ತದೆ.

ಹಾಗೆಂದು ಜಾವಾದ ಜನ ಭಾರತದ ಮೇಲೆ ಹಗೆ ಸಾಧಿಸಲಿಲ್ಲ. 1946ರಲ್ಲಿ ಇಲ್ಲಿ ಆಹಾರದ ಕೊರತೆ ಬಿಗಡಾಯಿಸಿದಾಗ ಪ್ರಧಾನಿ ಶಹರೀರ್ 5 ಲಕ್ಷ ಟನ್ ಅಕ್ಕಿ ಕೊಡಲು ಮುಂದಾದರು. ಬದಲಿಗೆ ಕೇಳಿದ್ದು ಮುಖ್ಯವಾಗಿ ಬಟ್ಟೆ. ಹೇಳಿದಷ್ಟು ಅಕ್ಕಿ ಬಂದು ತಲುಪಲಿಲ್ಲ ನಿಜ. ಆದರೆ ಅಕ್ಕಿ ತುಂಬಿದ ಹಡಗುಗಳು ಭಾರತದತ್ತ ಹೊರಟಾಗ ಭಾರತದ ಸಿಪಾಯಿಗಳು ಇನ್ನೂ ಜಾವಾದಲ್ಲೇ ಇದ್ದರು. ಅವರಲ್ಲಿ ಕೊನೆಯವರು ಅಲ್ಲಿಂದ ಹೊರಟದ್ದು ಆ ವರ್ಷದ ನವೆಂಬರ್ ಅಂತ್ಯಕ್ಕೆ.