ಮೈಯೊಳಗಿನ ಕುಲುಮೆ: ದಾವ್ ಪಂಥಗಳ ಅಂತಃಸಾಧನೆ ಬೆಳೆದು ಬಂದ ದಾರಿ

ಬೀಜಿಂಗಿನ ಬೈಯುನ್ ಗುವಾನ್, ಅಂದರೆ ಬಿಳಿಮೋಡದ ಮಠದಲ್ಲಿ ಒಂದು ಕೆತ್ತನೆಯ ಕಲ್ಲಿದೆ. ದೂರದಿಂದ ಅದು ಗುಡ್ಡಬೆಟ್ಟಗಳ ಚಿತ್ರದಂತೆ ಕಾಣುತ್ತದೆ. ಹತ್ತಿರ ಹೋದರೆ ಕೂತ ಮನುಷ್ಯನ ತಲೆ ಮತ್ತು ಮುಂಡ. ಬೆನ್ನುಹುರಿಯೇ ಅಲ್ಲಿ ತೊರೆ. ಅದರ ಬುಡದಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಏತ ತುಳಿದು ನೀರನ್ನು ಮೇಲಕ್ಕೆ ಹತ್ತಿಸುತ್ತಿದ್ದಾರೆ. ಹೊಟ್ಟೆಯ ಜಾಗದಲ್ಲಿ ಎತ್ತು ಹೂಡಿ ಉಳುಮೆ ನಡೆದಿದೆ. ಮೂತ್ರಪಿಂಡದ ಬಳಿ ಹೆಣ್ಣೊಬ್ಬಳು ರಾಟೆ ತಿರುವುತ್ತಿದ್ದಾಳೆ. ಗಂಟಲು ಹನ್ನೆರಡು ಅಂತಸ್ತಿನ ಗೋಪುರ. ಎಲ್ಲಕ್ಕೂ ಮೇಲೆ, ನೆತ್ತಿಯೊಳಗೆ, ಒಬ್ಬ ಮುದುಕ ಸುಮ್ಮನೆ ಕೂತಿದ್ದಾನೆ.

‘ನೈಜಿಂಗ್ ತು’ ಎಂಬ ಈ ಚಿತ್ರವನ್ನು 1886ರಲ್ಲಿ ಲಿಯು ಚೆಂಗ್‌ಯಿನ್ ಎಂಬ ದಾವ್ ಸಾಧಕ ಕಲ್ಲಿಗಿಳಿಸಿದ. ಅದಕ್ಕಿಂತ ಬಹಳ ಹಿಂದೆಯೇ ಬೆಳೆದು ನಿಂತಿದ್ದ ಒಂದು ವಿದ್ಯೆಯ ನಕಾಶೆ ಇದು. ಚೀನೀಯರು ಆ ವಿದ್ಯೆಯನ್ನು ‘ನೈದಾನ್’ ಎನ್ನುತ್ತಾರೆ. ‘ನೈ’ ಎಂದರೆ ಒಳಗಿನದು. ‘ದಾನ್’ ಎಂದರೆ ಇಂಗಳೀಕ, ಅದರಿಂದ ಮಾಡಿದ ಸಿದ್ಧರಸವೂ ಹೌದು. ಕನ್ನಡದಲ್ಲಿ ಒಳರಸವಿದ್ಯೆ ಎನ್ನಬಹುದು. ಅದರ ತಿರುಳೆಲ್ಲ ಆ ಏತದಲ್ಲಿದೆ: ಕೆಳಗೆ ಹರಿದು ಖರ್ಚಾಗಿ ಹೋಗುವುದನ್ನು ತಿರುಗಿಸಿ ಮೇಲಕ್ಕೆ ಏರಿಸಬೇಕು. ಏರಿಸುವುದು ಹೇಗೆ, ಯಾವುದನ್ನು, ಯಾವುದು ಮೊದಲು ಎಂಬ ಜಗಳದಲ್ಲಿ ಪಂಥಗಳು ಹುಟ್ಟಿಕೊಂಡವು.

ಗೋರಿಯಿಂದ ಎದ್ದ ವ್ಯಾಯಾಮ

ಮೊದಲಿಗೆ ರಸವೂ ಇರಲಿಲ್ಲ, ಕುಲುಮೆಯೂ ಇರಲಿಲ್ಲ. ಇದ್ದದ್ದು ಉಸಿರು ಮತ್ತು ಮೈಮುರಿತ. ಹುನಾನ್ ಪ್ರಾಂತದ ಚಾಂಗ್ಶಾ ಬಳಿಯ ಮಾವಾಂಗ್‌ದುಯಿಯಲ್ಲಿ 1973ರಲ್ಲಿ ಅಗೆದ ಒಂದು ಗೋರಿಯಲ್ಲಿ ರೇಷ್ಮೆಯ ಮೇಲೆ ಬರೆದ ಚಿತ್ರ ಸಿಕ್ಕಿತು. ಗೋರಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಚಿತ್ರದಲ್ಲಿ 44 ಜನ, ಗಂಡಸರೂ ಹೆಂಗಸರೂ, ಕೈಚಾಚುತ್ತ ಬಾಗುತ್ತ ತಿರುಗುತ್ತ ವ್ಯಾಯಾಮ ಮಾಡುತ್ತಿದ್ದಾರೆ. ಕೆಲವು ಭಂಗಿಗಳಿಗೆ ಕರಡಿ, ಕೋತಿ, ಹಕ್ಕಿಗಳ ಹೆಸರು. ಇದಕ್ಕೆ ‘ದಾವ್‌ಯಿನ್’, ಅಂದರೆ ಎಳೆದು ನಡೆಸುವುದು ಎಂದು ಹೆಸರು. ಅದೇ ಗೋರಿಯಲ್ಲಿ ಧಾನ್ಯ ಬಿಟ್ಟು ಉಸಿರನ್ನೇ ಉಣ್ಣುವ ವಿಧಾನದ ಬರಹವೊಂದೂ ಇತ್ತು.

ತಮಾಷೆಯೆಂದರೆ ದಾವ್ ಚಿಂತನೆಯ ಮೂಲಪುರುಷರಲ್ಲಿ ಒಬ್ಬನಾದ ಚುವಾಂಗ್ ತ್ಸುವಿನ ಹೆಸರಿನ ಗ್ರಂಥ ಇಂಥ ವ್ಯಾಯಾಮವನ್ನು ಗೇಲಿ ಮಾಡುತ್ತದೆ. ಉಸ್ಸು ಬುಸ್ಸೆಂದು ಉಸಿರೆಳೆದು, ಕರಡಿಯಂತೆ ಜೋತು, ಹಕ್ಕಿಯಂತೆ ರೆಕ್ಕೆ ಚಾಚುವವರು ದೀರ್ಘಾಯುಷ್ಯಕ್ಕೆ ಹಂಬಲಿಸುವವರಷ್ಟೆ ಎಂಬುದು ಅದರ ಮಾತಿನ ಧಾಟಿ. ಅದು ಹೇಳುವ ದಾರಿ ‘ಜುವೊವಾಂಗ್’: ಕೂತು ಮರೆಯುವುದು. ಕೈಕಾಲಿನ ನೆನಪು ಬಿಟ್ಟು, ಬುದ್ಧಿಯ ಚುರುಕು ಬಿಟ್ಟು ಕೂರುವುದು. ಮೈಯನ್ನು ಹದಮಾಡಬೇಕೋ ಮೈಯನ್ನೇ ಮರೆಯಬೇಕೋ ಎಂಬ ಪ್ರಶ್ನೆ ಹೀಗೆ ಆರಂಭದಲ್ಲೇ ಎದ್ದಿತ್ತು.

ಅಂಗಾಂಗಗಳಲ್ಲಿ ದೇವರು

ಕ್ರಿ.ಶ. 142ರಲ್ಲಿ ಸಿಚುವಾನ್ ಪ್ರಾಂತದಲ್ಲಿ ಜಾಂಗ್ ದಾವ್‌ಲಿಂಗ್‌ಗೆ ದಾವ್ ಚಿಂತನೆಯ ಆದಿಗುರು ಲಾವೋತ್ಸೆಯ ದರ್ಶನವಾಯಿತೆಂಬ ನಂಬಿಕೆಯಿಂದ ದಾವ್ ಧರ್ಮ ಸಂಘಟಿತ ರೂಪ ಪಡೆಯಿತು. ಆದರೆ ಒಳಸಾಧನೆಗೆ ಹೊಸ ತಿರುವು ಸಿಕ್ಕಿದ್ದು ಇನ್ನೂರು ವರ್ಷಗಳ ನಂತರ, ಇಂದಿನ ನಾಂಜಿಂಗ್ ಸುತ್ತಿನ ಪ್ರದೇಶದಲ್ಲಿ. 364ರಿಂದ 370ರವರೆಗೆ ಯಾಂಗ್ ಶಿ ಎಂಬವನಿಗೆ ರಾತ್ರಿ ಹೊತ್ತು ದಿವ್ಯರು ಬಂದು ಪಾಠ ಹೇಳಿದರಂತೆ. ಅವರಲ್ಲಿ ಮುಖ್ಯಳು 334ರಲ್ಲೇ ತೀರಿಕೊಂಡಿದ್ದ ವೆಯ್ ಹುವಾಚುನ್ ಎಂಬ ಗೃಹಿಣಿ. ಈ ಬರಹಗಳಿಂದ ‘ಶಾಂಗ್‌ಚಿಂಗ್’ ಪಂಥ ಹುಟ್ಟಿತು. ಮುಂದೆ ಮಾವೊ ಪರ್ವತದಲ್ಲಿ ನೆಲೆಸಿದ ತಾವ್ ಹೊಂಗ್‌ಜಿಂಗ್ (456–536) ಅವನ್ನು ಹುಡುಕಿ, ಕೈಬರಹ ತಾಳೆ ನೋಡಿ, ಸಂಪಾದಿಸಿದ.

ಈ ಪಂಥದವರ ಪಾಲಿಗೆ ದೇಹ ಒಂದು ದೇವಾಲಯ ಸಮುಚ್ಚಯ. ಗುಂಡಿಗೆ, ಪಿತ್ತಕೋಶ, ಗುಲ್ಮ, ಮಿದುಳು ಎಲ್ಲಕ್ಕೂ ಒಬ್ಬೊಬ್ಬ ದೇವರು. ಆ ದೇವರ ಹೆಸರು, ಎತ್ತರ, ಉಡುಪಿನ ಬಣ್ಣ ತಿಳಿದು ಕಣ್ಮುಚ್ಚಿ ಕಾಣುತ್ತಿದ್ದರೆ ಅವರು ಮೈಬಿಟ್ಟು ಹೋಗುವುದಿಲ್ಲ. ಸೂರ್ಯಚಂದ್ರರ ಕಿರಣವನ್ನು ನುಂಗುವುದು, ಮನಸ್ಸಿನಲ್ಲೇ ಸಪ್ತರ್ಷಿ ಮಂಡಲದ ಮೇಲೆ ಹೆಜ್ಜೆಯಿಡುವುದು ಇವರ ನಿತ್ಯಕರ್ಮ.

ತಾಂಗ್ ರಾಜವಂಶದ ಕಾಲಕ್ಕೆ ಬೌದ್ಧ ಧ್ಯಾನದ ಗಾಳಿ ಬೀಸಿತು. ಇದೇ ಪರಂಪರೆಯ ಸಿಮಾ ಚೆಂಗ್‌ಜೆನ್ (647–735) ದೇವರುಗಳ ಜಾತ್ರೆಯನ್ನು ಬದಿಗಿಟ್ಟು, ಚುವಾಂಗ್ ತ್ಸುವಿನ ‘ಕೂತು ಮರೆಯುವ’ ದಾರಿಯನ್ನು ಏಳು ಮೆಟ್ಟಿಲುಗಳಾಗಿ ಬಿಡಿಸಿ ಬರೆದ.

ಒಲೆ ಆರಿತು, ಮಾತು ಉಳಿಯಿತು

ಇತ್ತ ಇನ್ನೊಂದು ಕಡೆ ನಿಜವಾದ ಕುಲುಮೆಗಳು ಉರಿಯುತ್ತಿದ್ದವು. ಇಂಗಳೀಕ, ಪಾದರಸ, ಸೀಸ, ಗಂಧಕಗಳನ್ನು ಮೂಸೆಯಲ್ಲಿಟ್ಟು, ಮಣ್ಣಿನಿಂದ ಬಾಯಿ ಮೆತ್ತಿ, ದಿನಗಟ್ಟಲೆ ಪುಟ ಹಾಕಿ ಅಮರತ್ವದ ಗುಳಿಗೆ ಮಾಡುವ ‘ವೈದಾನ್’, ಅಂದರೆ ಹೊರರಸವಿದ್ಯೆ. ನಾಲ್ಕನೆಯ ಶತಮಾನದ ಗೆ ಹೊಂಗ್ ಉಸಿರಾಟ, ವ್ಯಾಯಾಮಗಳನ್ನೆಲ್ಲ ಒಪ್ಪುತ್ತಲೇ ಸಿದ್ಧರಸವಿಲ್ಲದೆ ಅಮರತ್ವವಿಲ್ಲ ಎಂದು ವಾದಿಸಿದವನು. ಆ ರಸ ತಿಂದು ಸತ್ತವರಲ್ಲಿ ತಾಂಗ್ ಚಕ್ರವರ್ತಿಗಳೇ ಇದ್ದಾರೆ. 846ರಲ್ಲಿ ತೀರಿಕೊಂಡ ವುಜೊಂಗ್ ಅವರಲ್ಲೊಬ್ಬ.

ವಿಷಕ್ಕೆ ಹೆದರಿ ದಾವ್ ಸಾಧಕರು ಒಲೆಯನ್ನು ಮೈಯೊಳಗೆ ತಂದುಕೊಂಡರು ಎಂಬ ವಿವರಣೆ ಕೇಳಲು ಚೆನ್ನಾಗಿದೆ. ಆದರೆ ಕಥೆ ಅಷ್ಟು ಸರಳವಲ್ಲ. ವೆಯ್ ಬೋಯಾಂಗ್ ಹೆಸರಿನಲ್ಲಿರುವ ‘ಚಾನ್‌ತೊಂಗ್ ಚಿ’ ಎಂಬ ಗ್ರಂಥ ಎಲ್ಲ ರಸಕ್ರಿಯೆಯನ್ನೂ ಸೀಸ ಮತ್ತು ಪಾದರಸ ಎಂಬ ಎರಡೇ ದ್ರವ್ಯಗಳಿಗೆ ಇಳಿಸಿ, ಅವನ್ನು ‘ಯೀ ಜಿಂಗ್’ ಎಂಬ ಹಳೆಯ ಶಕುನಗ್ರಂಥದ ಗೆರೆಗಳ ಲೆಕ್ಕಕ್ಕೆ ಜೋಡಿಸಿತ್ತು. ಸೀಸವೆಂದರೆ ನೀರಿನ ಚಿಹ್ನೆಯ ನಡುವೆ ಸಿಕ್ಕಿಕೊಂಡ ಯಾಂಗ್ ಎಂಬ ಪುರುಷತತ್ವ. ಪಾದರಸವೆಂದರೆ ಬೆಂಕಿಯ ಚಿಹ್ನೆಯ ನಡುವೆ ಅಡಗಿದ ಯಿನ್ ಎಂಬ ಸ್ತ್ರೀತತ್ವ. ಎರಡನ್ನೂ ಅದಲುಬದಲು ಮಾಡಿದರೆ ಸೃಷ್ಟಿಗೆ ಮುಂಚಿನ ಅಖಂಡ ಸ್ಥಿತಿ ಮರಳುತ್ತದೆ. ದ್ರವ್ಯಗಳು ಚಿಹ್ನೆಗಳಾದ ಮೇಲೆ ಅವು ಮೂಸೆಯಲ್ಲೇ ಇರಬೇಕೆಂದೇನೂ ಇಲ್ಲ. ಶಾಂಗ್‌ಚಿಂಗ್‌ನವರ ಒಳನೋಟ, ಬೌದ್ಧರ ಧ್ಯಾನ, ಈ ಗೆರೆಗಳ ಲೆಕ್ಕ ಕೂಡಿದಾಗ ನೈದಾನ್ ರೂಪುಗೊಂಡಿತು.

ಅದರ ಮೊದಲ ಪೂರ್ಣ ಪಠ್ಯಗಳು ಜೊಂಗ್ಲಿ ಚುವಾನ್ ಮತ್ತು ಅವನ ಶಿಷ್ಯ ಲ್ಯೂ ದೊಂಗ್‌ಬಿನ್ ಹೆಸರಿನಲ್ಲಿವೆ. ಇಬ್ಬರೂ ಚೀನಾದ ಮನೆಮನೆಯಲ್ಲಿ ಚಿತ್ರವಾಗಿ ತೂಗುವ ಎಂಟು ಅಮರರಲ್ಲಿ ಸೇರಿದವರು. ಇಲ್ಲಿ ಹೊಟ್ಟೆ ಮೂಸೆಯಾಯಿತು, ಉಸಿರು ತಿದಿಯಾಯಿತು, ಗಮನ ಬೆಂಕಿಯಾಯಿತು. ಮೂರು ಪುಟಗಳ ಕ್ರಮವೂ ನಿಂತಿತು. ‘ಜಿಂಗ್’ ಎಂಬ ಬೀಜಸತ್ವವನ್ನು ‘ಚಿ’ ಎಂಬ ಪ್ರಾಣವಾಗಿ, ಪ್ರಾಣವನ್ನು ‘ಶೆನ್’ ಎಂಬ ಚೈತನ್ಯವಾಗಿ, ಚೈತನ್ಯವನ್ನು ಶೂನ್ಯವಾಗಿ ಮಾರ್ಪಡಿಸುವುದು. ಮೊದಲ ಹಂತಕ್ಕೆ ನೂರು ದಿನ, ಎರಡನೆಯದಕ್ಕೆ ಬಸಿರಿನಂತೆ ಹತ್ತು ತಿಂಗಳು, ಮೂರನೆಯದಕ್ಕೆ ಒಂಬತ್ತು ವರ್ಷ ಎಂಬ ಸಾಂಕೇತಿಕ ಲೆಕ್ಕವಿದೆ. ಪ್ರಾಣ ಬೆನ್ನಿನ ಮೂರು ಬಾಗಿಲು ದಾಟಿ ನೆತ್ತಿಗೇರಿ, ಮುಂಭಾಗದಿಂದ ಹೊಟ್ಟೆಗಿಳಿಯುತ್ತದೆ. ಆ ಬಾಗಿಲು ದಾಟಲು ಕುರಿಬಂಡಿ, ಜಿಂಕೆಬಂಡಿ, ಎತ್ತಿನಬಂಡಿಗಳಿವೆ; ಬಂಡಿಗಳನ್ನು ಬೌದ್ಧರ ಸದ್ಧರ್ಮಪುಂಡರೀಕ ಸೂತ್ರದಿಂದ ಎರವಲು ತಂದದ್ದು.

ದಕ್ಷಿಣದ ಮನೆ, ಉತ್ತರದ ಮಠ

ಜಾಂಗ್ ಬೋದುವಾನ್ ಜೆಜಿಯಾಂಗ್ ಪ್ರಾಂತದ ಸಣ್ಣ ಸರ್ಕಾರಿ ನೌಕರ. ತಪ್ಪಿಗೆ ಶಿಕ್ಷೆಯಾಗಿ ದೂರದ ಗಡಿಗೆ ವರ್ಗವಾದವನು. 1075ರ ಹೊತ್ತಿಗೆ ಅವನು ಬರೆದ ‘ವುಜೆನ್ ಪಿಯೆನ್’ ಒಳರಸವಿದ್ಯೆಯ ಕೈಪಿಡಿಯಾಯಿತು. ಅದರ ಮುಖ್ಯಭಾಗ 81 ಪದ್ಯಗಳು. ಯೀ ಜಿಂಗ್‌ನ 64 ಷಡ್ರೇಖೆಗಳಿಗೆ ಸರಿಯಾಗಿ 64 ಚೌಪದಿಗಳೂ ಅದರಲ್ಲಿವೆ. ಜಾಂಗ್ ಮಠ ಕಟ್ಟಲಿಲ್ಲ, ದೀಕ್ಷೆಯ ಸಾಲು ನಿಲ್ಲಿಸಲಿಲ್ಲ. ಅವನನ್ನು ‘ದಕ್ಷಿಣ ಪಂಥ’ದ ಮೊದಲ ಗುರುವೆಂದು ಕೂರಿಸಿದ ಗುರುಪರಂಪರೆ ರೂಪುಗೊಂಡಿದ್ದು ಹದಿಮೂರನೆಯ ಶತಮಾನದಲ್ಲಿ, ಐದನೆಯ ಗುರು ಬಾಯ್ ಯುಚಾನ್ ಕಾಲದಲ್ಲಿ.

ಉತ್ತರದ ಕಥೆ ಬೇರೆ. ವಾಂಗ್ ಚೊಂಗ್‌ಯಾಂಗ್ (1113–1170) ಮೊದಲು ಸೇನೆ, ನೌಕರಿ, ಕುಡಿತಗಳಲ್ಲಿ ಕಾಲ ಕಳೆದವನು. ಆಮೇಲೆ ನೆಲದಲ್ಲಿ ಗುಂಡಿ ತೋಡಿ, ಅದಕ್ಕೆ ‘ಬದುಕಿರುವ ಹೆಣದ ಗೋರಿ’ ಎಂದು ಹೆಸರಿಟ್ಟು ಅದರೊಳಗೆ ಕೂತ. 1167ರಲ್ಲಿ ತನ್ನ ಗುಡಿಸಲಿಗೆ ಬೆಂಕಿಯಿಟ್ಟು ಶಾಂದೊಂಗ್ ಕಡೆ ಹೊರಟ. ಅಲ್ಲಿ ಮಾ ಯು ಎಂಬ ಸಿರಿವಂತ ಮತ್ತು ಅವನ ಹೆಂಡತಿ ಸುನ್ ಬುಅರ್‌ಗೆ ಮರಸೇಬಿನ ಹೋಳುಗಳನ್ನು ಕೊಟ್ಟ. ಚೀನೀ ಭಾಷೆಯಲ್ಲಿ ಆ ಹಣ್ಣನ್ನು ಹೋಳು ಮಾಡುವುದಕ್ಕೂ ಅಗಲುವುದಕ್ಕೂ ಒಂದೇ ಉಚ್ಚಾರ. ಗಂಡಹೆಂಡಿರು ಶ್ಲೇಷ ತಿಳಿದುಕೊಂಡರು. ಬೇರೆಬೇರೆಯಾಗಿ ಸನ್ಯಾಸ ಹಿಡಿದರು. ವಾಂಗ್‌ನ ಏಳು ಮುಖ್ಯ ಶಿಷ್ಯರಲ್ಲಿ ಸುನ್ ಒಬ್ಬಳೇ ಹೆಂಗಸು.

‘ಚುವಾನ್‌ಜೆನ್’ ಎಂಬ ಈ ಉತ್ತರ ಪಂಥ ಬ್ರಹ್ಮಚರ್ಯ, ಮಠವಾಸ, ನಿದ್ದೆಯ ಜಯಗಳನ್ನು ಕಡ್ಡಾಯ ಮಾಡಿತು. ದಕ್ಷಿಣದವರೊಂದಿಗೆ ಅದರ ವ್ಯಾಜ್ಯ ಎರಡು ಪದಗಳ ಸುತ್ತ: ‘ಶಿಂಗ್’ ಎಂದರೆ ಮೂಲಸ್ವಭಾವ, ‘ಮಿಂಗ್’ ಎಂದರೆ ಆಯುಸ್ಸು. ಮೈಯ ಆಯುಸ್ಸನ್ನು ಹದಮಾಡಿ ಆಮೇಲೆ ಮನಸ್ಸಿಗೆ ಬನ್ನಿ ಎಂದರು ದಕ್ಷಿಣದವರು. ಮನಸ್ಸು ತಿಳಿಯಾಗದೆ ಮೈ ಹದವಾಗದು ಎಂದರು ಉತ್ತರದವರು.

ವಾಂಗ್‌ನ ಶಿಷ್ಯ ಚಿಯು ಚುಜಿ ಈ ವಿದ್ಯೆಯನ್ನು ರಾಜಕೀಯದ ನಡುವೆ ತಂದು ನಿಲ್ಲಿಸಿದವನು. ಎಪ್ಪತ್ತು ದಾಟಿದ ಅವನನ್ನು ಚೆಂಗಿಸ್ ಖಾನ್ ಕರೆಸಿಕೊಂಡ. ಮಂಗೋಲಿಯಾ, ಸಮರ್ಕಂಡ್ ಹಾದು 1222ರಲ್ಲಿ ಹಿಂದೂಕುಶ್ ಬಳಿಯ ದಂಡಿನ ಪಾಳೆಯ ತಲುಪಿದವನಿಗೆ ಖಾನ್ ಕೇಳಿದ್ದು ಅಮರತ್ವದ ಔಷಧ. ಆಯುಸ್ಸು ಕಾಯುವ ಉಪಾಯ ಉಂಟು, ಸಾಯದಿರುವ ಔಷಧ ಇಲ್ಲ ಎಂದ ಚಿಯು. ಖಾನ್ ಮೆಚ್ಚಿ ಪಂಥಕ್ಕೆ ತೆರಿಗೆ ವಿನಾಯಿತಿ ಕೊಟ್ಟ. ಆದರೆ 1281ರಲ್ಲಿ ಅವನ ಮೊಮ್ಮಗ ಕುಬ್ಲಾಯ್, ಬೌದ್ಧರೊಂದಿಗಿನ ವಾದದ ಕೊನೆಗೆ, ಲಾವೋತ್ಸೆಯ ಹೆಸರಿನ ‘ದಾವ್ ದ ಜಿಂಗ್’ ಒಂದನ್ನು ಬಿಟ್ಟು ಉಳಿದ ದಾವ್ ಗ್ರಂಥಗಳನ್ನು ಸುಡಲು ಅಪ್ಪಣೆ ಮಾಡಿದ.

ಹಿಂದಕ್ಕೆ ಬರೆದ ವಂಶಾವಳಿ

ಮಿಂಗ್, ಚಿಂಗ್ ರಾಜವಂಶಗಳ ಕಾಲದಲ್ಲಿ ಪಂಥಗಳ ದಿಕ್ಕುಗಳು ಇನ್ನೂ ಹೆಚ್ಚಿದವು. ಜಿಯಾಂಗ್ಸುವಿನ ಲು ಶಿಶಿಂಗ್ (1520–1606) ದಂಪತಿ ಕೂಡಿ ಮಾಡುವ ಸಾಧನೆಯ ಪರ ನಿಂತ. ಅದು ಪೂರ್ವ ಪಂಥ. ಹತ್ತೊಂಬತ್ತನೆಯ ಶತಮಾನದ ಸಿಚುವಾನ್‌ನ ಲಿ ಶಿಯ್ವೆಯದು ಪಶ್ಚಿಮ. ಇಬ್ಬರೂ ಲ್ಯೂ ದೊಂಗ್‌ಬಿನ್‌ನಿಂದಲೇ ಉಪದೇಶ ಸಿಕ್ಕಿತೆಂದರು. ನಡುವಿನ ಜಾಗಕ್ಕೆ ಹದಿಮೂರನೆಯ ಶತಮಾನದ ಲಿ ದಾವ್‌ಚುನ್‌ನನ್ನು ನಂತರದವರು ಕೂರಿಸಿದರು. ತಾನು ‘ಮಧ್ಯ ಪಂಥ’ದವನೆಂದು ಅವನಿಗೆ ಗೊತ್ತಿರಲಿಲ್ಲ! ಇವತ್ತಿನ ದೊಡ್ಡ ಶಾಖೆ ‘ಲೊಂಗ್‌ಮೆನ್’ ಕೂಡ ಚಿಯು ಚುಜಿಯಿಂದಲೇ ಇಳಿದು ಬಂದದ್ದೆಂದು ಹೇಳಿಕೊಳ್ಳುತ್ತದೆ. ಆದರೆ ಅದು ಸಂಘಟಿತವಾಗಿ ಕಾಣುವುದು ವಾಂಗ್ ಚಾಂಗ್ಯುವೆ 1656ರಲ್ಲಿ ಬಿಳಿಮೋಡದ ಮಠದಲ್ಲಿ ಸಾರ್ವಜನಿಕ ದೀಕ್ಷೆ ಆರಂಭಿಸಿದ ಮೇಲೆ. ಹಳೆಯ ಗುರುಗಳ ಸರಣಿಯನ್ನು ನಂತರದವರೇ ಹೆಣೆದರೆಂದು ಮೋನಿಕಾ ಎಸ್ಪೊಸಿತೊ ಮುಂತಾದ ವಿದ್ವಾಂಸರು ತೋರಿಸಿದ್ದಾರೆ. ಪ್ರವಾಹದ ವಿರುದ್ಧ ಹತ್ತುವ ವಿದ್ಯೆಯ ವಂಶಾವಳಿಗಳೂ ಇಂದಿನಿಂದ ಹಿಂದಕ್ಕೆ ಹತ್ತಿದವು.

ಲೊಂಗ್‌ಮೆನ್ ಹೆಸರಿನಡಿಯಲ್ಲೇ ಪೂರ್ತಿ ವಿರುದ್ಧವಾದ ಎರಡು ದಾರಿಗಳಿದ್ದವು. ವು ಶೌಯಾಂಗ್ ಮತ್ತು ಲಿಯು ಹುವಾಯಾಂಗ್ ಇಬ್ಬರ ಹೆಸರು ಕೂಡಿದ ‘ವು–ಲಿಯು’ ಪಂಥ ಗುಟ್ಟುಗಳನ್ನು ಬಿಡಿಸಿ, ಯಾವ ನಾಡಿ, ಎಷ್ಟು ಉಸಿರು ಎಂದು ಲೆಕ್ಕ ಹೇಳಿಕೊಟ್ಟಿತು. ಗಾನ್ಸು ಪ್ರಾಂತದ ಲಿಯು ಯಿಮಿಂಗ್ (1734–1821) ಇದನ್ನೆಲ್ಲ ಅಕ್ಷರಶಃ ನಂಬುವವರು ಬೆರಳನ್ನೇ ಚಂದ್ರನೆಂದುಕೊಂಡವರೆಂಬಂತೆ ಟೀಕಿಸಿದ. ಅವನ ಪಾಲಿಗೆ ಸೀಸವೂ ಪಾದರಸವೂ ಮನಸ್ಸಿನ ಗುಣಗಳು.

ಹೆಂಗಸರಿಗಾಗಿ ‘ನ್ಯೂದಾನ್’ ಎಂಬ ಪ್ರತ್ಯೇಕ ಸಾಹಿತ್ಯ ಬಂದದ್ದೂ ಚಿಂಗ್ ಕಾಲದಲ್ಲೇ. ಗಂಡಸರ ಸಾಧನೆ ಬೀಜಸತ್ವದಿಂದ ತೊಡಗಿದರೆ ಇಲ್ಲಿ ಆರಂಭ ಎದೆಯಿಂದ. ಮುಟ್ಟನ್ನು ನಿಲ್ಲಿಸುವ ಹಂತಕ್ಕೆ ‘ಕೆಂಪು ಡ್ರ್ಯಾಗನ್ನಿನ ತಲೆ ಕಡಿಯುವುದು’ ಎಂದು ಹೆಸರು. ಇವನ್ನು ಬರೆದವರಲ್ಲಿ, ಸಂಪಾದಿಸಿದವರಲ್ಲಿ ಹೆಚ್ಚಿನವರು ಗಂಡಸರು.

ಭಾರತದ ಓದುಗರಿಗೆ ಇಲ್ಲಿ ಹಠಯೋಗದ ನೆನಪಾಗದೆ ಇರದು. ಬಿಂದುವನ್ನು ಜಾರಗೊಡದೆ ಮೇಲೇರಿಸುವುದು ಎರಡೂ ಕಡೆ ಇದೆ. ಆದರೆ ನಾಥರ ದಾರಿ ನಡುವಿನ ಸುಷುಮ್ನೆಯಲ್ಲಿ ನೆಟ್ಟಗೆ ಏರುತ್ತದೆ; ದಾವ್ ಸಾಧಕರದು ಬೆನ್ನಲ್ಲಿ ಹತ್ತಿ ಮುಂದೆ ಇಳಿಯುವ ಸುತ್ತು. ದಾವ್ ಚಿಂತನೆಯ ಬಗ್ಗೆ ಭಾರತದ ಕುತೂಹಲ ಹಳೆಯದು. ಏಳನೆಯ ಶತಮಾನದಲ್ಲೇ ಕಾಮರೂಪದ ಅರಸ ‘ದಾವ್ ದ ಜಿಂಗ್’ನ ಸಂಸ್ಕೃತ ಅನುವಾದ ಬೇಕೆಂದನೆಂದು ಚೀನೀ ದಾಖಲೆಗಳಿವೆ. ಆ ಗ್ರಂಥವನ್ನು ಕನ್ನಡಕ್ಕೆ ತಂದವರಲ್ಲಿ ಯು.ಆರ್. ಅನಂತಮೂರ್ತಿ ಒಬ್ಬರು.

ಆಸ್ಪತ್ರೆ, ಪಾರ್ಕು, ಪತ್ರಿಕೆ

ಇಪ್ಪತ್ತನೆಯ ಶತಮಾನ ಗುಟ್ಟುಗಳ ಗಂಟು ಬಿಚ್ಚಿತು. ಕ್ಷಯದಿಂದ ನರಳಿದ್ದ ಜಿಯಾಂಗ್ ವೆಯ್‌ಚಿಯಾವ್ 1914ರಲ್ಲಿ ಸುಮ್ಮನೆ ಕೂರುವ ವಿಧಾನವನ್ನು ರಸವಿದ್ಯೆಯ ಪರಿಭಾಷೆಯಿಲ್ಲದೆ ಬರೆದು ಪ್ರಕಟಿಸಿದ. 1920ರ ದಶಕದಲ್ಲಿ ಶಾಂಘೈಯಲ್ಲಿ ದಾವ್ ಗ್ರಂಥಭಂಡಾರ ಮರುಮುದ್ರಣವಾಗಿ ಮಠದ ಕಪಾಟಿನಿಂದ ಗ್ರಂಥಾಲಯಗಳಿಗೆ ಬಂತು. 1933ರಿಂದ ಚೆನ್ ಯಿಂಗ್‌ನಿಂಗ್ ಶಾಂಘೈನ ಪಾಕ್ಷಿಕವೊಂದರಲ್ಲಿ ಓದುಗರ ಸಾಧನೆಯ ಪ್ರಶ್ನೆಗಳಿಗೆ ಉತ್ತರಿಸತೊಡಗಿದ; ಇದು ಧರ್ಮವಲ್ಲ, ವಿಜ್ಞಾನದಂತೆ ಪರೀಕ್ಷಿಸಬೇಕಾದ ವಿದ್ಯೆ ಎಂಬುದು ಅವನ ಪಟ್ಟು. ಯುರೋಪಿಗೆ ಇದರ ಪರಿಚಯ ಮಾಡಿಸಿದ್ದು 1929ರಲ್ಲಿ ರಿಚರ್ಡ್ ವಿಲ್ಹೆಲ್ಮ್ ಜರ್ಮನ್‌ಗೆ ತಂದ ‘ಬಂಗಾರದ ಹೂವಿನ ರಹಸ್ಯ’, ಅದಕ್ಕೆ ಮನೋವಿಜ್ಞಾನಿ ಕಾರ್ಲ್ ಯೂಂಗ್ ಬರೆದ ವ್ಯಾಖ್ಯಾನದ ಸಮೇತ.

ಕಮ್ಯುನಿಸ್ಟ್ ಚೀನಾ ಅಮರತ್ವವನ್ನು ಕೈಬಿಟ್ಟು ಆರೋಗ್ಯವನ್ನು ಇಟ್ಟುಕೊಂಡಿತು. ಲಿಯು ಗುಯಿಜೆನ್ ಎಂಬ ಪಕ್ಷದ ಕಾರ್ಯಕರ್ತ 1950ರ ದಶಕದಲ್ಲಿ ಹೆಬೆಯ್ ಪ್ರಾಂತದ ಆರೋಗ್ಯಧಾಮಗಳಲ್ಲಿ ಉಸಿರಾಟದ ಈ ಪದ್ಧತಿಗಳನ್ನು ‘ಚಿಗೊಂಗ್’ ಎಂಬ ಹೆಸರಿನಲ್ಲಿ ಚಿಕಿತ್ಸೆಯಾಗಿ ನೆಲೆಗೊಳಿಸಿದ. ಸಾಂಸ್ಕೃತಿಕ ಕ್ರಾಂತಿ ಅದನ್ನು ತುಳಿಯಿತು. 1980ರ ದಶಕ ಅದನ್ನೇ ದೇಶವ್ಯಾಪಿ ಜ್ವರವಾಗಿಸಿತು. 1999ರಲ್ಲಿ ಫಾಲುನ್ ಗೊಂಗ್ ಎಂಬ ಚಿಗೊಂಗ್ ಪಂಥದ ನಿಷೇಧದೊಂದಿಗೆ ಆ ಜ್ವರ ಇಳಿಯಿತು.

ಆಮೇಲೆ ಸರ್ಕಾರದ ಕ್ರೀಡಾ ಇಲಾಖೆ ನಾಲ್ಕು ವ್ಯಾಯಾಮ ಸರಣಿಗಳನ್ನು ಆರಿಸಿ, ಒಂದೇ ಅಚ್ಚಿಗೆ ತಂದು ಬಿಡುಗಡೆ ಮಾಡಿತು. ಮೂಸೆ, ಸೀಸ, ಡ್ರ್ಯಾಗನ್ನುಗಳ ಮಾತು ಅವುಗಳಲ್ಲಿಲ್ಲ. ಒಂದು ಸರಣಿ ಮಾತ್ರ ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿಗಳ ‘ಐದು ಪ್ರಾಣಿಗಳ ಆಟ’. ಚುವಾಂಗ್ ತ್ಸು ನಕ್ಕ, ಮಾವಾಂಗ್‌ದುಯಿಯ ರೇಷ್ಮೆಯ ಮೇಲೆ ಉಳಿದ ಆ ಕರಡಿಯನ್ನೂ ಹಕ್ಕಿಯನ್ನೂ ಬೀಜಿಂಗಿನ ಪಾರ್ಕುಗಳಲ್ಲಿ ನಿವೃತ್ತರು ಬೆಳಗಿನ ಹೊತ್ತು ಧ್ವನಿಪೆಟ್ಟಿಗೆಯ ಸಂಗೀತಕ್ಕೆ ಸರಿಯಾಗಿ ಅಭ್ಯಾಸ ಮಾಡುತ್ತಾರೆ.