ಕಾವಲಿಯ ಕಪ್ಪು, ಸೇತುವೆಯ ಕೆಂಪು

ಮುಂಬೈಗೆ ಬಂದ ಮೊದಲ ಮಳೆಗಾಲದಲ್ಲೇ ಅಮ್ಮ ಕೊಟ್ಟ ಬೀಡಿನ ಕಾವಲಿಯನ್ನು ಹಾಳು ಮಾಡಿದೆ. ಕಪ್ಪು ಹಿಡಿದಿದೆಯೆಂದು ಸೋಪು ಹಾಕಿ, ಸ್ಟೀಲ್ ನಾರಿನಿಂದ ಉಜ್ಜಿ ಉಜ್ಜಿ ಹೊಳಪು ತರಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮೈತುಂಬ ತುಕ್ಕು. ಫೋನಿನಲ್ಲಿ ಅಮ್ಮ ಬೈಯಲಿಲ್ಲ. "ಅದು ಕೊಳೆ ಅಲ್ಲ ಮಗಾ, ಅಜ್ಜಿ ಕಾಲದಿಂದ ಕೂತ ಎಣ್ಣೆ" ಎಂದರು, ಅಷ್ಟೇ.

ಎಣ್ಣೆ ಕಬ್ಬಿಣವನ್ನು ಕಾಯುವುದು ಹೇಗೆ ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಸ್ಕಾಟ್ಲೆಂಡಿನ ರೈಲು ಸೇತುವೆ. 1890ರಲ್ಲಿ ತೆರೆದ ಫೋರ್ತ್ ಸೇತುವೆಯಲ್ಲಿ 50 ಸಾವಿರ ಟನ್ನಿಗೂ ಹೆಚ್ಚು ಉಕ್ಕಿದೆ, ಕೆಳಗೆ ಉಪ್ಪುನೀರು. ಅದನ್ನು ಕಾಯಲು ಅಂದಿನವರು ನೆಚ್ಚಿದ್ದು ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣಗಳನ್ನು. ಅಗಸೆ ಎಣ್ಣೆ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ. ಕಾವಲಿಯ ಮೇಲೆ ಎಳ್ಳೆಣ್ಣೆಗೆ ಬೆಂಕಿಯ ಕಾವು ಮಾಡಿಸುವುದೂ ಹೆಚ್ಚುಕಡಿಮೆ ಇದನ್ನೇ. ತೆಂಗಿನೆಣ್ಣೆ ಇಷ್ಟು ಸುಲಭವಾಗಿ ಹೆಣೆದುಕೊಳ್ಳದು.

ಪೊರೆ ನೀರನ್ನು ತಡೆಯುವುದರಿಂದ ತುಕ್ಕು ಹಿಡಿಯದು ಎಂದೇ ನಾನು ನಂಬಿದ್ದೆ. ಬಹಳ ಕಾಲ ತಜ್ಞರೂ ಹಾಗೇ ಎಣಿಸಿದ್ದರು. 1950ರ ಆಸುಪಾಸಿನಲ್ಲಿ ಕೇಂಬ್ರಿಜ್‌ನ ಮೇಯ್ನ್ ಲೆಕ್ಕ ಹಾಕಿ ನೋಡಿದರು: ಬಣ್ಣದ ಪೊರೆಯೊಳಗೆ ನುಸುಳುವ ನೀರು, ಆಮ್ಲಜನಕ ತುಕ್ಕಿಗೆ ಬೇಕಾದಷ್ಟಿವೆ! ಹಾಗಿದ್ದೂ ಉಕ್ಕು ಉಳಿಯುವುದೇಕೆ? ತುಕ್ಕು ಹಿಡಿಯುವುದು ಒಂದು ವಿದ್ಯುತ್ ಕ್ರಿಯೆ. ಲೋಹದ ಒಂದೆಡೆಯಿಂದ ಇನ್ನೊಂದೆಡೆಗೆ ಅಯಾನುಗಳು ಓಡಾಡಬೇಕು. ಪೊರೆ ಆ ಓಡಾಟಕ್ಕೆ ಅಡ್ಡ ನಿಲ್ಲುತ್ತದೆ. ಅಗಸೆ ಎಣ್ಣೆಗೆ ಸಿಂಧೂರ, ಅಂದರೆ ಕೆಂಪು ಸೀಸ, ಬೆರೆಸಿದರೆ ಎಣ್ಣೆಯ ಆಮ್ಲಗಳೊಡನೆ ಸೀಸದ ಸಾಬೂನುಗಳು ಹುಟ್ಟಿ ತುಕ್ಕನ್ನು ಇನ್ನಷ್ಟು ತಡೆಯುತ್ತವೆ. ಆದರೆ ಸೀಸ ವಿಷ. ಬಣ್ಣ ಬಳಿಯುವವರ, ಕೆರೆಯುವವರ ಮೈಗೂ ಅದು ಸೇರುತ್ತದೆ. ಆ ಬಣ್ಣ ಹಿಂದೆ ಸರಿದದ್ದಕ್ಕೆ ಕಾರಣ ಅದೇ.

ಮುಗಿಯದ ಕೆಲಸಕ್ಕೆ ಬ್ರಿಟನ್ನಿನಲ್ಲಿ "ಫೋರ್ತ್ ಸೇತುವೆಗೆ ಬಣ್ಣ ಬಳಿದಂತೆ" ಎನ್ನುವುದುಂಟು. 2011ರಲ್ಲಿ ಅಲ್ಲಿ ಗಾಜಿನ ಚೂರು ಬೆರೆತ ಎಪಾಕ್ಸಿ ಬಳಿದು ಮುಗಿಸಿದರು. ಇನ್ನು 20 ವರ್ಷಕ್ಕೂ ಹೆಚ್ಚು ಕಾಲ ಮುಟ್ಟಬೇಕಿಲ್ಲವೆಂಬ ಭರವಸೆ.

ನನ್ನ ಕಾವಲಿಗೆ ಅಂಥ ಭರವಸೆಯಿಲ್ಲ. ತುಕ್ಕು ತೆಗೆದು, ಎಣ್ಣೆ ಸವರಿ, ಕಾಯಿಸಿ, ಮತ್ತೆ ಸವರಿದೆ. ಮೊದಮೊದಲು ದೋಸೆ ಚಿಂದಿಯಾಗಿ ಬಂತು. ಮೂರು ತಿಂಗಳ ಬಳಿಕ ಒಂದು ಭಾನುವಾರ ಇಡಿಯಾಗಿ ಎದ್ದಿತು. ಅಮ್ಮನಿಗೆ ಫೋಟೊ ಕಳಿಸಿದೆ. "ಈಗ ಅದು ನಿನ್ನ ಕಾವಲಿ" ಎಂದರು. ಅಜ್ಜಿಯ ಕಪ್ಪು ಮಾತ್ರ ಮರಳಿ ಬಾರದು.